ಟಿಸಿ, ಎರಡು ಪ್ರತಿ

ಕಾಲೇಜ್ ಗೇಟಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ.
ಫುಟ್‌ಬಾಲ್ ಟೀಮಿಗೆ ಯಾರು ಬಂದ್ರು, ಯಾರು ಹೊಂಟ್ರು,
ಕೋಚ್ ಸವದತ್ತಿಮಠ ಸರ್‌ಗಿಂತ
ಒಂದು ದಿನ ಮೊದಲ ನನಗ ಗೊತ್ತಾಗತೈತಿ.

ಜೂನ್ ಅಂದ್ರ ಗಾಜಿನ ಮ್ಯಾಲೆ
ಬೋರಲ ಮಲಗಿದ ಅಂಕಪಟ್ಟಿಗಳು.
ಹಸರ ಬೆಳಕು ಒಮ್ಮೆ ಸವರಿ ಹೋಗೂದ್ರಾಗ
ಓದಿ ಮುಗಿಸಿರತೀನಿ:
ಗುದ್ಲೆಪ್ಪ ಹಾವನೂರ, ಊರು ಗುತ್ತಲ,
ಇಂಗ್ಲಿಷಿನ್ಯಾಗ ಮೂವತ್ತೈದು, ಎಡಗಾಲಿನವ.
(ಎಡಗಾಲು ಅಂತ ಅದರಾಗ ಬರದಿರಲಿಲ್ಲ.
ನಿಂತ ರೀತಿ ನೋಡಿದೆ.)
ಹುಲಕೋಟಿಯಿಂದ ಜವಳಿ ಹುಡುಗೂರು, ಈರಣ್ಣ, ಬೂದೆಪ್ಪ.
ಒಬ್ಬನ್ನ ಕರದ್ರ ಇಬ್ರೂ ಬರತಾರ,
ಇಬ್ರಿಗೂ ಸೇರಿ ಒಂದ ಜೋಡಿ ಬೂಟು.

ಹಿಸಾಬಿನ ವಹಿಯ ಹಿಂದಿನ ಪುಟದಾಗ
ಎಡಕ್ಕ ಬಂದವರು, ಬಲಕ್ಕ ಹ್ವಾದವರು.
ಹೋದ ವರ್ಷ ಬಲಕ್ಕ ಮೂರು ಹೆಸರು.
ಒಬ್ಬ ಬೆಳಗಾವಿಗೆ, ಒಬ್ಬ ಪೊಲೀಸ್ ಭರ್ತಿಗೆ.
ಒಬ್ಬನ ಮೊಣಕಾಲು ಹೋತು. ಅವ ಎಲ್ಲಿಗೂ ಹೋಗಲಿಲ್ಲ,
ಆದರೂ ಬಲಕ್ಕನ ಬರೀಬೇಕಾತು.

ಹೆಂಡತಿ ಅಂತಾಳ,
"ಮಗಳಿಗೆ ವರ ನೋಡೂದ್ರಾಗ ಇಷ್ಟು ಹುರುಪಿಲ್ಲ ನಿಮಗ,
ಸ್ಟಾಪರ್ ಬ್ಯಾಕ್ ಹುಡುಕೂದ್ರಾಗ ಐತಿ."
ಖರೇನ. ವರ ಎಲ್ಲರೆ ಸಿಗತಾನ.
ಆರು ಫೂಟಿನ ಸ್ಟಾಪರ್ ಬ್ಯಾಕ್
ಈ ಸೀಮಿಯೊಳಗ ಹುಟ್ಟೂದ ಅಪರೂಪ.

ಜುಲೈ ಹತ್ತಕ್ಕ ದಾವಲಮಲಿಕ್ ಬಂದ.
ಎರಡು ವರ್ಷ ನಮ್ಮ ಗೋಲು ಕಾದ ಗಣೇಶಪ್ಯಾಟಿ ಹುಡುಗ.
ಹರದ ಗ್ಲೌಸಿಗೆ ಸುತ್ತಾಕ ಕಂದು ಟೇಪು ಒಯ್ಯಾವ.
ಅವತ್ತು ಟೇಪು ಕೇಳಲಿಲ್ಲ.
ಒಂದು ಕಾಗದ, ಬಾಲು ಹಿಡದಂಗ ಎದಿಗೆ ಅವಚಿದ್ದ.
"ಎರಡು ಪ್ರತಿ ಮಾಡ್ರಿ ಮಾಮಾ."

ಟಿಸಿ.
ಬಿಟ್ಟ ಕಾರಣ: ಪಾಲಕರ ಇಚ್ಛೆ.
ನಡತೆ: ತೃಪ್ತಿಕರ.
ಸೆಮಿಫೈನಲ್ ದಿನ, ಕಡೀ ನಿಮಿಷಕ್ಕ,
ಪೆನಾಲ್ಟಿಗೆ ಬಲಕ್ಕ ಹಾರಿ
ಎರಡು ಬೆರಳಿಲೆ ಹೊರಗ ಹಾಕಿದ್ನಲ್ಲ,
ಅದಕ್ಕ ಆ ಕಾಗದದಾಗ ಕಾಲಮ್ ಇಲ್ಲ.

"ಟೋನರ್ ಮುಗದೈತಿ, ನಾಳೆ ಬಾ" ಅಂದೆ.
ಸುಳ್ಳು. ಮಷೀನಿನ ಗುಂಯ್ ಅನ್ನೂ ಸಪ್ಪಳ
ಅವಗೂ ಕೇಳತಿತ್ತು.
ಹೋಗಲಿಲ್ಲ. ಕಟ್ಟಿ ಮ್ಯಾಲೆ ಕುಂತ.
ಕಾಯೂದು ಅವನ ಕಸಬು.

ಹೊತ್ತು ಬಿಟ್ಟು ತಾನ ಹೇಳಿದ:
"ಧಾರವಾಡದವರು ಖೋಲಿ ಕೊಡತಾರ.
ಎರಡು ಹೊತ್ತು ಊಟ. ದಿನಾ ಎರಡು ತತ್ತಿ."
ತತ್ತಿಗೆ ನಾ ಏನು ಉತ್ತರ ಕೊಡಲಿ?
ನಾವು ಕೊಟ್ಟಿದ್ದು ನಂಬರ್ ಒಂದರ ಅಂಗಿ,
ತೊಳದಾಗೊಮ್ಮೆ ಬಣ್ಣ ಬಿಡಾದು.
ಚಿಗರಿ ಬಸ್ಸಿನ್ಯಾಗ ಮುಕ್ಕಾಲು ತಾಸಿನ ಧಾರವಾಡ
ಅವತ್ತ ಭಾಳ ದೂರ ಕಂಡಿತು.

ಎರಡಲ್ಲ, ಮೂರು ಪ್ರತಿ ತಗದೆ.
ರೊಕ್ಕ ಇಸಕೊಳ್ಳಲಿಲ್ಲ.
ಮೂರನೇದು ವಹಿಯೊಳಗ ಮಡಚಿ ಇಟ್ಟೀನಿ.
ಬಲಕ್ಕ ಹೆಸರು ಇನ್ನೂ ಬರದಿಲ್ಲ.

ನವೆಂಬರಿನ್ಯಾಗ ನೆಹರೂ ಮೈದಾನ. ಅವರೂ ನಾವೂ.
ಅಂಗಡಿ ಶಟರ್ ಅರ್ಧ ಎಳದು ಓಡಿದೆ.
ಗುದ್ಲೆಪ್ಪ ಒದ್ದ, ನಾ ಜೂನಿನ್ಯಾಗ ಕಂಡಿದ್ದ ಅದ ಎಡಗಾಲು,
ಬಾಲು ಮೂಲಿ ಹಿಡದು ಹೊಂಟಿತ್ತು,
ಹಸರ ಅಂಗಿ ಹಾರಿತು.
ಎರಡ ಬೆರಳು.

ಬಾಜೂಕ ನಿಂತವ ಹೊಳ್ಳಿ ನೋಡಿದ:
"ಯಾರ ಕಡಿಯಾವೋ ನೀ? ಚಪ್ಪಾಳಿ ಯಾಕ ಹೊಡದಿ?"
ಹೊಡದಿದ್ದು ನನಗ ಗೊತ್ತಿರಲಿಲ್ಲ.
ಹೊಸಾ ಗ್ಲೌಸು ಇರಲಿಲ್ಲ ಅವನ ಕೈಯಾಗ.
ಹಳೇವ, ಕಂದು ಟೇಪು ಸುತ್ತಿದ್ದು.
ಧಾರವಾಡದಾಗೂ ಸಿಗತಿರಬೇಕು ಟೇಪು.

ಒಂದು ಸೊನ್ನಿಲೆ ಸೋತು ಬಂದ್ರ
ಕಟ್ಟಿ ಮ್ಯಾಲೆ ಯಾವನೋ ಹುಡುಗ ಕುಂತಿದ್ದ,
ಪರೀಕ್ಷಾ ಫಾರ್ಮು ಹಿಡಕೊಂಡು.
ನಾ ಫಾರ್ಮು ನೋಡಲಿಲ್ಲ ಮೊದಲ.
ಅಂಗೈ ನೋಡಿದೆ.
ಅಗಲ ಇತ್ತು.